ಪಿಎಎಂ 8403 ಆಂಪ್ಲಿಫೈಯರ್ ಬೋರ್ಡ್: ಸದ್ದು ಜೋರು, ಆದರೆ ಸಪ್ಲೈ ಶುದ್ಧವಿರಬೇಕು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ, ಸದ್ದು ಹೆಚ್ಚಿಸುವ ಚಿಕ್ಕ ಸ್ಟೀರಿಯೊ ಆಂಪ್ಲಿಫೈಯರ್ ಬೇಕು ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಈ ಬೋರ್ಡೇ. ನನಗೆ ನೂರು ರೂಪಾಯಿಯೊಳಗೆ ಸಿಕ್ಕಿತು. ಅಮ್ಮನ ಅಡುಗೆಮನೆಗೆ ಒಂದು ಸ್ಪೀಕರ್ ಬಾಕ್ಸ್ ಮಾಡಲು ಕೊಂಡು ತಂದಿದ್ದೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಕುಕ್ಕರ್ ಸದ್ದಿನ ನಡುವೆಯೂ 102.9ರ ವಿವಿಧ ಭಾರತಿ ಕೇಳಬೇಕು, ಫೋನಿನ ಸ್ಪೀಕರ್ ಸಾಲುವುದಿಲ್ಲ.

ಮೊದಲೆಲ್ಲ ಇಂಥ ಕೆಲಸಕ್ಕೆ ಎಲ್‌ಎಂ 386 ಅನ್ನುವ ಆಂಪ್ಲಿಫೈಯರ್ ಚಿಪ್ ಹಾಕುತ್ತಿದ್ದೆ. ಕಲಿಯುವವರಿಗೆ ಇವತ್ತಿಗೂ ಅದೇ ಒಳ್ಳೆಯದು. 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂರಿಸಿದರೆ ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, 20ರಿಂದ 200ಕ್ಕೆ ಏರುತ್ತದೆ, ಕೈಯಾರೆ ಮಾಡಿ ನೋಡಬಹುದು. ಆದರೆ ಅಡುಗೆಮನೆಗೆ ಅದರ ಶಕ್ತಿ ಕಡಿಮೆ. 8403 ಕ್ಲಾಸ್ ಡಿ ಬಗೆಯದು, ಅಂದರೆ ಔಟ್‌ಪುಟ್ಟನ್ನು ವೇಗವಾಗಿ ಆನ್-ಆಫ್ ಮಾಡಿ ನಡೆಯುವಂಥದ್ದು. ಬಿಸಿಯಾಗುವುದು ಕಡಿಮೆ, ಬಿಸಿ ಹೀರುವ ಹೀಟ್ ಸಿಂಕ್ ಬೇಡ. 5 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ ಚಾನೆಲ್‌ಗೆ 3 ವ್ಯಾಟ್ ಅನ್ನುತ್ತಾರೆ. ಅದು ದನಿ ಒಡೆಯುವ ಮಟ್ಟದ ಲೆಕ್ಕ. ಹಾಡು ಹಾಡಿನಂತೆ ಕೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಕೆಳಗೆ ಇಡಿ. ಅಷ್ಟೂ ಧಾರಾಳ.

ತೊಂದರೆ ಶುರುವಾಗುವುದು ಫೋನಿನಿಂದ ಹಾಡು ತರಲು ಬ್ಲೂಟೂತ್ ಮಾಡ್ಯೂಲ್ ಸೇರಿಸಿದಾಗ. ಎರಡಕ್ಕೂ ಒಂದೇ 5 ವೋಲ್ಟ್ ಕೊಟ್ಟರೆ ಹಾಡಿನ ಹಿಂದೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು. ತುಂಬಾ ಜನ ಬೋರ್ಡೇ ಸರಿಯಿಲ್ಲ ಅಂತ ಎಸೆಯುವುದು ಇಲ್ಲೇ. ಪಾಪ, ಬೋರ್ಡಿನದೇನೂ ತಪ್ಪಿಲ್ಲ. ಬ್ಲೂಟೂತ್ ಚಿಪ್ ಕರೆಂಟನ್ನು ತುಂಡು ತುಂಡಾಗಿ ಎಳೆಯುತ್ತದೆ. ಅದು ಹರಿಯುವ ಗ್ರೌಂಡ್ ವಯರನ್ನೇ ಆಡಿಯೊ ಕೂಡ ಹಂಚಿಕೊಂಡಿದೆ, ಆ ಏರಿಳಿತವನ್ನೂ ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಸಪ್ಲೈಗೆ ಅಡ್ಡಲಾಗಿ 1000 ಮೈಕ್ರೊಫ್ಯಾರಡ್ ಹಾಕಿದೆ, ಸದ್ದು ತಗ್ಗಿತೇ ಹೊರತು ಹೋಗಲಿಲ್ಲ. ಕೊನೆಗೆ ಬಿ0505ಎಸ್ ಅನ್ನುವ ಐಸೊಲೇಟೆಡ್ ಕನ್ವರ್ಟರ್ (ಒಳಬರುವ, ಹೊರಹೋಗುವ ಸಪ್ಲೈಗಳ ಗ್ರೌಂಡನ್ನು ಬೇರೆ ಬೇರೆ ಇಡುವಂಥದ್ದು) ತಂದು ಬ್ಲೂಟೂತ್‌ಗೆ ಅದರಿಂದಲೇ ಸಪ್ಲೈ ಕೊಟ್ಟೆ. ಅದು 1 ವ್ಯಾಟ್‌ನದು, ಮಾಡ್ಯೂಲ್‌ಗೆ ಸಾಕು. ಸದ್ದು ಪೂರ್ತಿ ಹೋಯಿತು. ಈ ಒಂದು ಭಾಗಕ್ಕೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ.

ಸ್ಪೀಕರ್ ವಯರಿನಲ್ಲೂ ಜೋಪಾನ. ಇದರ ಔಟ್‌ಪುಟ್‌ನ ಎರಡೂ ತುದಿಯಲ್ಲಿ ಸಿಗ್ನಲ್ ಇರುತ್ತದೆ. ಹಾಗಾಗಿ ಎಡ, ಬಲ ಸ್ಪೀಕರ್‌ಗಳ ಮೈನಸ್ ಒಟ್ಟಿಗೆ ಸೇರಿಸಬಾರದು, ಗ್ರೌಂಡಿಗೂ ತಾಗಿಸಬಾರದು. ಹೆಡ್‌ಫೋನ್ ಜ್ಯಾಕ್‌ನಲ್ಲಿ ಎರಡೂ ಕಡೆಯ ಮೈನಸ್ ಒಂದೇ ಆಗಿರುವುದರಿಂದ ಅದನ್ನು ಹಾಕುವುದಂತೂ ಬೇಡವೇ ಬೇಡ. 5.5 ವೋಲ್ಟ್ ಇದರ ಮಿತಿ, 9 ವೋಲ್ಟ್ ಬ್ಯಾಟರಿ ಕೊಟ್ಟರೆ ಐಸಿ ಸುಟ್ಟೇ ಹೋಗುತ್ತದೆ. 3.7 ವೋಲ್ಟ್‌ನ ಒಂದು ಲಿಥಿಯಂ ಸೆಲ್ಲಿನಲ್ಲಿ ಆರಾಮಾಗಿ ನಡೆಯುತ್ತದೆ, ಶಕ್ತಿ ಅರ್ಧದಷ್ಟಾದರೂ. ಕರೆಂಟ್ ಹೋದಾಗ ಅಮ್ಮನಿಗೆ ಅದೇ ಅನುಕೂಲ.

ಕೊಳ್ಳುವಾಗ ವಾಲ್ಯೂಮ್ ಗುಂಡಿ ಇರುವ ಬೋರ್ಡನ್ನೇ ಕೇಳಿ. ಗುಂಡಿಯಲ್ಲೇ ಸ್ವಿಚ್ ಇರುತ್ತದೆ, ವಯಸ್ಸಾದವರಿಗೆ ಸುಲಭ, ಅಲ್ವಾ? ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ಸ್ಪೀಕರನ್ನು ಸುಮ್ನೆ ಹೊರಗೆ ತೂಗುಹಾಕಿದರೆ ಯಾವ ಆಂಪ್ಲಿಫೈಯರ್‌ನಲ್ಲೂ ಬೇಸ್ ಬರುವುದಿಲ್ಲ. ಮೂರು ಇಂಚಿನ 4 ಓಮ್ ಸ್ಪೀಕರನ್ನು ಪ್ಲೈವುಡ್ ಬಾಕ್ಸಿನಲ್ಲಿ ಕೂರಿಸಿ, ಸಂದುಗಳಿಗೆಲ್ಲ ಫೆವಿಕಾಲ್ ತುಂಬಿ ಗಾಳಿ ಆಡದಂತೆ ಮುಚ್ಚಿ.