ಸೀತಾಳೆ ದಂಡೆ ಕಿತ್ತುಕೊಡುವ ಗೈಡ್‌ಗಳಿದ್ದಾರೆ, ಹುಷಾರು

ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿಗೆ ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ.

ಕಳೆದ ಜೂನ್‌ನಲ್ಲಿ ನಾನು, ತಂಗಿ ಒಂದು ಗುಂಪಿನ ಜೊತೆ ಕಳಸ, ಕುದುರೆಮುಖದ ಕಡೆ ಹೋಗಿದ್ದೆವು. ಟ್ರಿಪ್ ಮಾಡಿಸಿದವರು 'ಪರಿಸರ ಪ್ರವಾಸ' ಅಂತ ಹೇಳಿಕೊಂಡಿದ್ದರು. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಈ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ದಾರಿಯಲ್ಲಿ ಒಂದು ಕಡೆ ಜೀಪ್ ನಿಂತಿತು. ಮರದ ಕೊಂಬೆಯಿಂದ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂ ಇಳಿಬಿದ್ದಿತ್ತು. ಗೇಣುದ್ದದ ಗೊಂಚಲು, ಬಿಳಿ ಎಸಳ ಮೇಲೆ ನೇರಳೆ ಚುಕ್ಕೆ. ಗೈಡ್ ಕೊಕ್ಕೆ ಕಟ್ಟಿದ ಕೋಲು ತೆಗೆದು ಇಡೀ ಗಿಡವನ್ನೇ ಎಳೆದ. ತೊಗಟೆಗೆ ಅಂಟಿಕೊಂಡಿದ್ದ ದಪ್ಪ ಬಿಳಿ ಬೇರುಗಳು ಪಟಪಟ ಅಂತ ಹರಿದವು. ಬೇಡ ಅಂತ ನಾವಿಬ್ಬರೂ ಹೇಳಿದೆವು. "ಇದು ಬಂದಳಿಕೆ ಮೇಡಂ, ಮರದ ರಸ ಹೀರುತ್ತೆ. ತೆಗೆದ್ರೆ ಮರ ಉಳಿಯುತ್ತೆ, ಮನೇಲಿ ಬೆಳೆಸಿದ್ರೆ ಗಿಡಾನೂ ಉಳಿಯುತ್ತೆ" ಅಂದ. ಎಷ್ಟು ನಂಬಿಕೆಯಿಂದ ಹೇಳಿದ ಅಂದರೆ, ಜೀಪಿನಲ್ಲಿದ್ದ ಹೆಚ್ಚಿನವರು ಒಳ್ಳೆ ಕೆಲಸವೇ ಮಾಡುತ್ತಿದ್ದೇವೆ ಅಂದುಕೊಂಡು ದುಡ್ಡು ಕೊಟ್ಟು ಗಿಡ ತಗೊಂಡರು.

ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ತೆರೆಸಿದರು. ಅದೇ ಗೈಡ್ "ನಂಗೇನೂ ಗೊತ್ತಿಲ್ಲ ಸಾರ್, ಇವರೇ ಕಿತ್ಕೊಂಡಿದ್ದು" ಅಂದುಬಿಟ್ಟ! ಗಿಡ ಮುಟ್ಟದವರೂ ಸೇರಿ ಎಲ್ಲರ ಹೆಸರು, ವಿಳಾಸ ಬರೆದುಕೊಂಡರು. ಕತ್ತಲಾಗುವವರೆಗೂ ಮಳೆಯಲ್ಲಿ ನಿಂತಿದ್ದೆವು. ಗಿಡ ಸಿಕ್ಕವರ ಮೇಲೆ ಕೇಸಾಯಿತು. ಅರಣ್ಯ ಸಿಬ್ಬಂದಿ ಮಾಡಿದ್ದು ಸರಿಯೇ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಟ್ರಿಪ್‌ನವರು ಮಾತ್ರ ಆಮೇಲೆ ಫೋನೇ ಎತ್ತಲಿಲ್ಲ.

ಅವನು ಹೇಳಿದ್ದೆಲ್ಲ ಸುಳ್ಳು. ಬಂದಳಿಕೆ ಬೇರೆ, ಅದು ಕೊಂಬೆಯೊಳಗೆ ಬೇರು ಇಳಿಸಿ ರಸ ಎಳೆಯುತ್ತದೆ. ಸೀತಾಳೆ ದಂಡೆ ಆರ್ಕಿಡ್. ಮರದ ಮೇಲೆ ಸುಮ್ನೆ ಕೂತಿರುತ್ತದೆ ಅಷ್ಟೇ. ಮಳೆ ನೀರು, ಗಾಳಿಯ ತೇವ, ತೊಗಟೆ ಮೇಲೆ ಕೂತ ಕಸದಲ್ಲೇ ಬದುಕುತ್ತದೆ. ಆ ಬಿಳಿ ಬೇರು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಅದೇ ಹರಿದು ಹೋದ ಗಿಡ ಬೆಂಗಳೂರಿನ ಬಾಲ್ಕನಿಯಲ್ಲಿ ಎಷ್ಟು ದಿನ ಇದ್ದೀತು? ಇನ್ನು ಕಾಡಿನಲ್ಲಿ ಮತ್ತೆ ಹುಟ್ಟುವುದೂ ಸುಲಭವಲ್ಲ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇರುವುದಿಲ್ಲ, ಸರಿಯಾದ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ, ಆಮೇಲೆ ಹೂ ಬಿಡುವಷ್ಟು ದೊಡ್ಡದಾಗಲು ವರ್ಷಗಟ್ಟಲೆ ಬೇಕು.

ಪ್ರಾಣಿ ಕೊಂದರೆ ಮಾತ್ರ ಕೇಸು, ಹೂವಿಗೆಲ್ಲ ಯಾರು ಕೇಳ್ತಾರೆ ಅನ್ನುವುದು ಇನ್ನೊಂದು ಭ್ರಮೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗಿಡವೂ ವನ್ಯಜೀವಿಯೇ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದಿಂದ ಅನುಮತಿ ಇಲ್ಲದೆ ಗಿಡ ತೆಗೆದರೆ ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಕಾಡಿನ ಹೂವನ್ನು ಅರಣ್ಯ ಉತ್ಪನ್ನ ಅಂತಲೇ ಎಣಿಸುತ್ತದೆ.

ಕುರಿಂಜಿ ವಿಷಯದಲ್ಲಿ ಕೇಳುವ ಮಾತಂತೂ ಇನ್ನೂ ಬೇಜಾರು. 2022ರಲ್ಲಿ ಮುಳ್ಳಯ್ಯನಗಿರಿ ಕಡೆ ನೀಲಕುರಿಂಜಿ ಅರಳಿದಾಗ, "ಹೂ ಬಿಟ್ಟ ಮೇಲೆ ಹೇಗೂ ಸಾಯೋ ಗಿಡ, ಕಿತ್ತರೆ ಏನಾಯ್ತು" ಅಂದವರನ್ನು ನಾನೇ ಕಂಡಿದ್ದೇನೆ. ಸಾಯುತ್ತದೆ, ನಿಜ. 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಆ ಬೀಜವೇ ಮುಂದಿನ ಪೀಳಿಗೆ, ಹೂವೇ ಕಿತ್ತರೆ ಬೀಜ ಎಲ್ಲಿಂದ ಬರಬೇಕು? ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಗೂ ಸೇರಿದೆ.

ಆರ್ಕಿಡ್ ಬೇಕೇ ಬೇಕು ಅನ್ನುವವರು ನರ್ಸರಿಯಲ್ಲೇ ಬೆಳೆಸಿದ್ದನ್ನು ಬಿಲ್ ಸಮೇತ ತಗೊಳ್ಳಿ. ಬೇರಿನಲ್ಲಿ ತೊಗಟೆಯ ಚೂರು, ಪಾಚಿ ಅಂಟಿಕೊಂಡಿದ್ದು, ಬೇರು ಅಲ್ಲಲ್ಲಿ ಹರಿದಿದ್ದರೆ ಅದು ಕಾಡಿನಿಂದ ಕಿತ್ತು ತಂದಿದ್ದೇ ಇರಬೇಕು, ರಸ್ತೆ ಬದಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಟ್ರಿಪ್ ಬುಕ್ ಮಾಡುವ ಮೊದಲೇ ಗಿಡ, ಹೂ ಕೀಳುವುದಿಲ್ಲ ಅಂತ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಗೈಡ್ ಕೋಲು ಎತ್ತಿದರೆ ಅಲ್ಲೇ ವಿಡಿಯೋ ಮಾಡಿ, ಯಾರ ಗಿಡವನ್ನೂ ನಿಮ್ಮ ಬ್ಯಾಗಿಗೆ ಹಾಕಲು ಬಿಡಬೇಡಿ, ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಅವರು ನಿಮ್ಮನ್ನು ಹಿಡಿಯುವ ಮೊದಲು ನೀವೇ ಇಳಿದು ಹೇಳಿ.