ಮ್ಯಾಜೆಂಟೊ ಅಡ್ಮಿನ್ ಗ್ರಿಡ್‌ಗೆ ನಮ್ಮದೇ ಡೇಟಾ ಪ್ರೊವೈಡರ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಆರ್ಡರ್ ಪಟ್ಟಿ ತೆರೆದವರಿಗೆ ಬೇಕಾದ ಒಂದೆರಡು ಕಾಲಂ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಬ್ಬರಿಗೆ ಟ್ರ್ಯಾಕಿಂಗ್ ನಂಬರ್ ಬೇಕು, ಇನ್ನೊಬ್ಬರಿಗೆ ಸರಕು ಯಾವ ಗೋದಾಮಿನಿಂದ ಹೊರಟಿತು ಅನ್ನುವುದು ಬೇಕು. ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶವಾದ ಮ್ಯಾಜೆಂಟೊ 2ರಲ್ಲಿ ಅಡ್ಮಿನ್ ಗ್ರಿಡ್‌ಗೆ (ಅಂಗಡಿ ನಡೆಸುವವರು ನೋಡುವ ಪಟ್ಟಿಗೆ) ಇಂಥವನ್ನು ಒದಗಿಸುವ ಕೋಡ್, ಅಂದರೆ ಡೇಟಾ ಪ್ರೊವೈಡರ್‌ಗಳನ್ನು ಬರೆಯುತ್ತ ವರ್ಷಗಳೇ ಕಳೆದಿವೆ. ಬುನಾದಿ ಗಟ್ಟಿಯಾಗಿದೆ, ಕಲಿಯುವುದು ಕಷ್ಟ. ಇಷ್ಟು ದಿನದ ಮೇಲೂ ನಾನು ಇದರ ಪರವೇ.

2015ರಲ್ಲಿ ಬಂದ ಈ ಆವೃತ್ತಿಗೆ ಮುಂಚೆ ಗ್ರಿಡ್‌ನ ಕಾಲಂಗಳು, ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಎರಡೂ ಒಂದೇ ಪಿಎಚ್‌ಪಿ ಕ್ಲಾಸ್‌ನಲ್ಲಿ ಇರುತ್ತಿದ್ದವು. ಈಗ ಕಾಲಂಗಳ ವಿವರ ಎಕ್ಸ್‌ಎಂಎಲ್‌ನಲ್ಲಿ, ಡೇಟಾ ತರುವ ಕೆಲಸ ಪ್ರೊವೈಡರ್‌ನದ್ದು. ಫಿಲ್ಟರ್, ಸಾರ್ಟಿಂಗ್, ಪುಟ ಬದಲಾವಣೆ ಎಲ್ಲವೂ ಸರ್ಚ್ ಕ್ರೈಟೀರಿಯಾ (ಹುಡುಕಾಟದ ಷರತ್ತುಗಳು) ಆಗಿ ಅದರ ಕೈಗೆ ಬರುತ್ತವೆ, ಉತ್ತರ ಜೇಸನ್ ಎಂಬ ಪಠ್ಯರೂಪದಲ್ಲಿ ಪರದೆಗೆ ಹೋಗುತ್ತದೆ. ಡೇಟಾ ಎಲ್ಲಿಂದ ಬಂತು ಅನ್ನುವುದು ಗ್ರಿಡ್‌ಗೆ ಗೊತ್ತಿರಬೇಕಿಲ್ಲ. ಹೊರಗಿನ ಎಪಿಐಯಿಂದ ತಂದ ಸ್ಟಾಕ್ ವಿವರವನ್ನೂ ಅದೇ ಗ್ರಿಡ್‌ನಲ್ಲಿ ತೋರಿಸಬಹುದು. ನನಗೆ ಅತ್ಯಂತ ಇಷ್ಟವಾದದ್ದು ಇದೇ.

ತೊಡಕು ಶುರುವಾಗುವುದು ಜಾಯಿನ್‌ನಲ್ಲಿ, ಅಂದರೆ ಒಂದು ಟೇಬಲ್‌ಗೆ ಇನ್ನೊಂದನ್ನು ಜೋಡಿಸುವಲ್ಲಿ. ಆರ್ಡರ್ ಗ್ರಿಡ್‌ನ ಟೇಬಲ್‌ಗೆ ಮೂಲ ಆರ್ಡರ್ ಟೇಬಲ್ ಜೋಡಿಸಿದರೆ ಪಟ್ಟಿ ಚೆನ್ನಾಗಿಯೇ ತೆರೆಯುತ್ತದೆ. ಯಾರಾದರೂ ದಿನಾಂಕದ ಫಿಲ್ಟರ್ ಹಾಕಿದ ಕ್ಷಣ ಮೈಎಸ್‌ಕ್ಯುಎಲ್‌ನ 1052 ದೋಷ ಬರುತ್ತದೆ, ಏಕೆಂದರೆ ಎರಡು ಟೇಬಲ್‌ಗಳಲ್ಲೂ ಅದೇ ಹೆಸರಿನ ದಿನಾಂಕದ ಕಾಲಂ ಇದೆ. ಯಾವ ಟೇಬಲ್‌ನ ಕಾಲಂ ಎಂದು ಕಲೆಕ್ಷನ್‌ನಲ್ಲೇ (ಟೇಬಲ್‌ನಿಂದ ಸಾಲುಗಳನ್ನು ತರುವ ಕ್ಲಾಸ್‌ನಲ್ಲೇ) ಮ್ಯಾಪ್ ಮಾಡಿ ಹೇಳಬೇಕು. ಆರ್ಡರ್‌ನೊಳಗಿನ ಐಟಂಗಳನ್ನು ಜೋಡಿಸಿದರೆ ಇನ್ನೊಂದು ಪೇಚು: ಮೂರು ಐಟಂ ಇರುವ ಆರ್ಡರ್ ಮೂರು ಸಾಲಾಗಿ ಬರುತ್ತದೆ, ಒಂದೇ ಐಡಿ ಎರಡನೇ ಸಲ ಕಂಡ ಕೂಡಲೇ ಕಲೆಕ್ಷನ್ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ. ಹೊಸ ಕಾಲಂ ಸೇರಿಸಿದವರು ಪಟ್ಟಿ ತೆರೆದು ನೋಡಿ ಸುಮ್ಮನಾಗಬಾರದು. ಪ್ರತಿ ಫಿಲ್ಟರ್ ಹಾಕಿ ನೋಡಬೇಕು, ಹಲವು ಐಟಂ ಇರುವ ಆರ್ಡರ್ ಬರುವ ಪುಟವನ್ನೂ ತೆರೆಯಬೇಕು.

ಹಾಗಾಗಿ ಪಟ್ಟಿ ತೆರೆದಾಗ ಜಾಯಿನ್ ಮಾಡುವುದಕ್ಕಿಂತ ಆರ್ಡರ್ ಸೇವ್ ಆಗುವಾಗಲೇ ಬೇಕಾದ ಮೌಲ್ಯವನ್ನು ಗ್ರಿಡ್‌ನ ಟೇಬಲ್‌ಗೆ ಬರೆದಿಡುವ ದಾರಿಯೇ ಮೇಲು ಅನ್ನುವುದು ನನ್ನ ನಿಲುವು. ಆರ್ಡರ್ ಗ್ರಿಡ್‌ಗೆ ಪ್ರತ್ಯೇಕ ಟೇಬಲ್ ಇಟ್ಟಿರುವುದೇ ಇದಕ್ಕಾಗಿ. ಅಲ್ಲೊಂದು ಕಾಲಂ ಸೇರಿಸಿ, ಮೌಲ್ಯ ಎಲ್ಲಿಂದ ಬರಬೇಕು ಎಂದು ಡಿಪೆಂಡೆನ್ಸಿ ಇಂಜೆಕ್ಷನ್ ಫೈಲ್‌ನಲ್ಲಿ (ಕ್ಲಾಸ್‌ಗಳಿಗೆ ಬೇಕಾದ್ದನ್ನು ಹೊಂದಿಸುವ ಎಕ್ಸ್‌ಎಂಎಲ್‌ನಲ್ಲಿ) ಬರೆದರೆ ಸಾಕು, ಓದುವಾಗ ಕ್ವೆರಿ ಹಗುರವಾಗಿರುತ್ತದೆ. ಹಳೆಯ ಆರ್ಡರ್‌ಗಳಿಗೆ ಮಾತ್ರ ಆ ಕಾಲಂ ಖಾಲಿಯೇ ಉಳಿಯುತ್ತದೆ, ಅವನ್ನು ತುಂಬಲು ಬೇರೆ ಸ್ಕ್ರಿಪ್ಟ್ ಬೇಕು. ಅಸಿಂಕ್ ಇಂಡೆಕ್ಸಿಂಗ್ (ಗ್ರಿಡ್‌ನ ಟೇಬಲ್ ತುಂಬುವುದನ್ನು ಆಮೇಲಕ್ಕೆ ಬಿಡುವ ವ್ಯವಸ್ಥೆ) ಚಾಲೂ ಇದ್ದರೆ ಹೊಸ ಆರ್ಡರ್ ಪಟ್ಟಿಗೆ ಬರುವುದು ನಿಗದಿತ ಹೊತ್ತಿಗೆ ತಾನೇ ನಡೆಯುವ ಕ್ರಾನ್ ಕೆಲಸ ಓಡಿದ ಮೇಲೆ. ಇದನ್ನು ಆರ್ಡರ್ ನೋಡಿಕೊಳ್ಳುವ ತಂಡಕ್ಕೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಆರ್ಡರ್ ಕಳೆದುಹೋಯಿತೆಂದು ಗಾಬರಿಯಾಗುತ್ತಾರೆ.

ಸಿಎಸ್‌ವಿ ಎಕ್ಸ್‌ಪೋರ್ಟ್ ಕೂಡ ಇದೇ ಪ್ರೊವೈಡರ್ ಮೂಲಕ ಪುಟ ಪುಟವಾಗಿ ಸಾಗುತ್ತದೆ. ಕೊನೆಯ ಪುಟಗಳಿಗೆ ಬಂದಂತೆ ಡೇಟಾಬೇಸ್ ಹಿಂದಿನ ಸಾಲುಗಳನ್ನೆಲ್ಲ ಓದಿ ಕೈಬಿಡಬೇಕಾಗುತ್ತದೆ. ಭಾರವಾದ ಜಾಯಿನ್ ಇದ್ದರೆ ನಿಧಾನ ಎದ್ದು ಕಾಣುವುದು ಇಲ್ಲೇ.

ಬುಕ್‌ಮಾರ್ಕ್ (ಒಬ್ಬೊಬ್ಬರಿಗೂ ಉಳಿಸಿಡುವ ಗ್ರಿಡ್‌ನ ನೋಟ) ವಿಷಯ ಚಿಕ್ಕದು: ಕಾಲಂ ಹೆಸರು ಬದಲಿಸಿದ ಮೇಲೆ ಯಾರೋ ಒಬ್ಬರಿಗಷ್ಟೇ ಗ್ರಿಡ್ ವಿಚಿತ್ರವಾಗಿ ಕಂಡರೆ, ಅವರ ಹೆಸರಲ್ಲಿ ಉಳಿದಿರುವ ಹಳೆಯ ನೋಟವನ್ನು ಬುಕ್‌ಮಾರ್ಕ್ ಟೇಬಲ್‌ನಿಂದ ಅಳಿಸಿ.

ಅನುಮತಿಯ ವಿಷಯ ಹಾಗಲ್ಲ. ಗ್ರಿಡ್‌ನ ಎಕ್ಸ್‌ಎಂಎಲ್‌ನಲ್ಲಿ ಎಸಿಎಲ್ ರಿಸೋರ್ಸ್ (ಯಾರಿಗೆ ನೋಡುವ ಅನುಮತಿ ಎಂದು ಹೇಳುವ ಸಾಲು) ಕೊಡುವುದನ್ನು ಎಷ್ಟೋ ಮಾಡ್ಯೂಲ್‌ಗಳು ಬಿಟ್ಟುಬಿಡುತ್ತವೆ. ಮೆನುವನ್ನು ಮರೆಮಾಡಿದರೆ ಡೇಟಾ ಸುರಕ್ಷಿತವಾಗುವುದಿಲ್ಲ, ಏಕೆಂದರೆ ಗ್ರಿಡ್ ತನ್ನ ಡೇಟಾ ಕೇಳುವುದು ಬೇರೆಯೇ ವಿಳಾಸದಿಂದ. ಗ್ರಾಹಕರ ಫೋನ್ ನಂಬರ್, ವಿಳಾಸ ತೋರಿಸುವ ಪ್ರೊವೈಡರ್ ಬರೆಯುವವರು ಮೊದಲು ಎಸಿಎಲ್‌ನ ಆ ಒಂದು ಸಾಲು ಬರೆದು ಆಮೇಲೆ ಕ್ವೆರಿಗೆ ಕೈಹಾಕಲಿ.