ತೀರಿಕೊಂಡವರ ಫೋಟೋ ಮಾಡಿಸಲು ಚಿಕ್ಕಮಗಳೂರಿನ ಒಂದು ಅಂಗಡಿ

ಮನೆ ಯಜಮಾನರು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮನೆಯವರ ಮೊಬೈಲಿನಲ್ಲಿ ಮೊದಲು ಕೈಗೆ ಸಿಗುವುದು ಕೊನೆಯ ಕೆಲವು ತಿಂಗಳ ಫೋಟೋಗಳು. ಕೀಮೋದಿಂದ ತಲೆಗೂದಲು, ಹುಬ್ಬು ಉದುರಿರುತ್ತವೆ. ಸ್ಟೀರಾಯ್ಡ್ ಕೊಟ್ಟಿದ್ದರೆ ಕೆನ್ನೆ ಊದಿರುತ್ತದೆ, ಇಲ್ಲವಾದರೆ ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ದವಡೆಯ ಆಪರೇಷನ್ ಆಗಿದ್ದರೆ ಮುಖದ ಒಂದು ಬದಿಯೇ ಬೇರೆ. ಇಂಥ ಫೋಟೋ ಕೊಟ್ಟು "ಸ್ವಲ್ಪ ಸರಿ ಮಾಡಿಕೊಡಿ" ಎಂದರೆ ಎಷ್ಟೋ ಕಡೆ ಯಾರದೋ ಕೂದಲು ಅಂಟಿಸಿ, ಕೋಟು ತೊಡಿಸಿ, ಹಿಂದೆ ನೀಲಿ ಬಳಿದು ಕೊಡುತ್ತಾರೆ. ತಿಥಿಯ ದಿನ ಹಾರ ಹಾಕಲು ನಿಂತ ತಂಗಿಗೆ ಅದು ಅಣ್ಣನ ಮುಖ ಅನ್ನಿಸುವುದಿಲ್ಲ.

ಎಂ.ಜಿ. ರಸ್ತೆಯಿಂದ ಒಳಗೆ ತಿರುಗಿದ ಓಣಿಯಲ್ಲಿರುವ ಈ ಚಿಕ್ಕ ಫ್ರೇಮ್ ಅಂಗಡಿಯವರು ಮೊದಲು ಕೇಳುವುದೇ "ಕಾಯಿಲೆಗೆ ಮುಂಚಿನದು ಯಾವುದಿದೆ?" ಎಂದು. ಮದುವೆ ಆಲ್ಬಂ, ಗೃಹಪ್ರವೇಶದ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿಗೆ ಅಂಟಿಸಿ ಉಳಿದ ಪಾಸ್‌ಪೋರ್ಟ್ ಸೈಜು, ಏನಿದ್ದರೂ ತನ್ನಿ ಎನ್ನುತ್ತಾರೆ. ಆಧಾರ್ ಕಾರ್ಡಿನದು ಮಾತ್ರ ಬೇಡ, ಅದನ್ನು ದೊಡ್ಡದು ಮಾಡಿದರೆ ಮುಖ ಚೌಕಚೌಕವಾಗಿ ಒಡೆಯುತ್ತದೆ. ಮೊಬೈಲಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮಾಮೂಲಿನಂತೆ ಕಳಿಸಿದರೆ ಫೈಲು ಕುಗ್ಗಿ ಹೋಗುತ್ತದೆ.

ಪಾಸ್‌ಪೋರ್ಟ್ ಸೈಜಿನಿಂದ ದೊಡ್ಡ ಫೋಟೋ ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. 35 ಮಿ.ಮೀ. ಅಗಲದ ಫೋಟೋವನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸುಮಾರು 1650 ಪಿಕ್ಸೆಲ್ ಅಗಲ ಸಿಗುತ್ತದೆ. 12×15 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 137 ಪಿಕ್ಸೆಲ್‌ನಷ್ಟು. ಕೈಯಲ್ಲಿ ಹಿಡಿದು ನೋಡಲು ಅದು ಸಾಲದು, ಗೋಡೆಯ ಮೇಲೆ ನಾಲ್ಕೈದು ಅಡಿ ದೂರದಿಂದ ನೋಡಲು ಧಾರಾಳ. ಅದಕ್ಕಿಂತ ದೊಡ್ಡದು ಬೇಡ. ಹಳೇ ಸ್ಟುಡಿಯೋ ಫೋಟೋಗಳ ತರಿತರಿ ಕಾಗದ ಇನ್ನೊಂದು ತೊಡಕು. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಆ ತರಿಯೆಲ್ಲ ಚುಕ್ಕೆಯಾಗಿ ಮುಖದ ತುಂಬ ಮೂಡುತ್ತದೆ. ಇಲ್ಲಿ ಅಂಥವನ್ನು ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ, ಎರಡು ಬದಿಯಿಂದ ಬೆಳಕು ಬಿಟ್ಟು ತೆಗೆಯುತ್ತಾರೆ. ಹಳೇ ಫ್ರೇಮಿನಲ್ಲಿ ಗಾಜಿಗೆ ಅಂಟಿಕೊಂಡ ಫೋಟೋವನ್ನು ಮನೆಯಲ್ಲಿ ಕೀಳಲು ಹೋಗಬೇಡಿ, ಮುಖದ ಪದರವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಸಮೇತ ತಂದರೆ ಅದರ ಮೇಲಿಂದಲೇ ತೆಗೆದುಕೊಡುತ್ತಾರೆ.

ತಿದ್ದುವ ಕೆಲಸದಲ್ಲಿ ಈ ಅಂಗಡಿಯ ಕೈ ಹಗುರ. ಗೀರು, ಮಡಿಕೆ, ಕಲೆ ತೆಗೆಯುತ್ತಾರೆ. ಮಚ್ಚೆ, ಹಣೆಯ ಗಾಯದ ಗುರುತು, ಒಂದರ ಮೇಲೊಂದು ಏರಿದ ಹಲ್ಲು ಹಾಗೇ ಉಳಿಯುತ್ತವೆ. ಈಗ ಮೊಬೈಲಿನ ಎಐ ಆ್ಯಪ್‌ಗಳಲ್ಲಿ ಮುಖ ಸ್ಪಷ್ಟ ಮಾಡಿಸಿಕೊಂಡು ಬರುವವರು ಹೆಚ್ಚು. ಮಸುಕಾದ ಕಡೆ ಆ ಆ್ಯಪ್ ತನಗೆ ತೋಚಿದ ಕಣ್ಣು, ತೋಚಿದ ಹಲ್ಲು ಬರೆದುಬಿಡುತ್ತದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ, ಹೆಂಡತಿ ಮಕ್ಕಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಮೂಲ ಫೋಟೋವನ್ನೇ ಕೇಳಿ ಪಡೆಯುವ ಇವರ ಹಟ ಸರಿಯಾದದ್ದು.

ಗ್ರೂಪ್ ಫೋಟೋದಿಂದ ಬಿಡಿಸುವಾಗ ಇವರ ಎಚ್ಚರ ಮೆಚ್ಚಬೇಕು. ಮಗಳ ಮದುವೆಯ ಫೋಟೋದಲ್ಲಿ ಅಪ್ಪನ ಎಡಭುಜದ ಮೇಲೆ ಅವಳ ಕೈ ಇರುತ್ತದೆ. ಅವಳನ್ನು ಕತ್ತರಿಸಿದರೂ ಬಿಳಿ ಅಂಗಿಯ ಮೇಲೆ ಮದರಂಗಿ ಹಚ್ಚಿದ ನಾಲ್ಕು ಬೆರಳು ಉಳಿಯುತ್ತವೆ. ಬೇರೆ ಕಡೆ ಕೇಳದೆ ಅಳಿಸುತ್ತಾರೆ. ಇಲ್ಲಿ ಬೆರಳಿರುವುದೊಂದು, ಇಲ್ಲದ್ದೊಂದು, 4×6 ಅಳತೆಯ ಎರಡು ಪ್ರೂಫ್ (ಮಾದರಿ ಪ್ರಿಂಟ್) ಹಾಕಿ ಮನೆಗೆ ಕಳಿಸುತ್ತಾರೆ. ಕಾಯಿಲೆಯ ಕಾಲದ ಫೋಟೋವೇ ಬೇಕು ಎನ್ನುವವರೂ ಇದ್ದಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುತ್ತಿದ್ದ ದಿನಗಳಲ್ಲೇ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆಗೆ ಮಫ್ಲರ್ ಸುತ್ತಿ ನಕ್ಕ ಫೋಟೋ ಇದ್ದರೆ ಅದಕ್ಕೆ ಕೂದಲು ಸೇರಿಸುವ ಮಾತನ್ನೇ ಇವರು ಎತ್ತುವುದಿಲ್ಲ.

ಇನ್ನು ಫ್ರೇಮು. ಮಳೆ ಕಡಿಮೆಯ ಕಡೂರಿನ ಮನೆಗೆ ಆಗುವ ಫ್ರೇಮು ಮಳೆ ಸುರಿಯುವ ಕೊಪ್ಪ, ಶೃಂಗೇರಿಯ ಮನೆಗೆ ಆಗುವುದಿಲ್ಲ. ಫೋಟೋ ನೇರ ಗಾಜಿಗೆ ತಾಗಿದ್ದರೆ ಆಷಾಢದ ಶೀತಕ್ಕೆ ಮೇಲಿನ ಪದರ ಮೆತ್ತಗಾಗಿ ಗಾಜಿಗೆ ಹಿಡಿಯುತ್ತದೆ, ಒಳಗೆ ಬೂಷ್ಟು ಬರುತ್ತದೆ. ಗಾಜಿಗೂ ಫೋಟೋಗೂ ನಡುವೆ ದಪ್ಪ ಮೌಂಟ್ ಬೋರ್ಡಿನ (ರಟ್ಟಿನ) ಅಂಚು ಕೊಡಿಸಲೇಬೇಕು. ಇದನ್ನು ಅಂಗಡಿಯವರು ತಾವಾಗಿ ಹಾಕುವುದಿಲ್ಲ, ಕೇಳಿದರೆ ಬೇರೆ ಲೆಕ್ಕದಲ್ಲಿ ಹಾಕುತ್ತಾರೆ. ಮಲೆನಾಡಿನ ಗಿರಾಕಿಗಳೇ ಹೆಚ್ಚಿರುವ ಅಂಗಡಿಯಲ್ಲಿ ಇದು ದೊಡ್ಡ ಕೊರತೆ. ಹಿಂಬದಿಗೆ ಎಂಡಿಎಫ್ (ಮರದ ನಾರಿನ ಹಲಗೆ) ಬದಲು ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಹೇಳಿ. ಎಂಡಿಎಫ್ ನೀರು ಕುಡಿದು ಉಬ್ಬುತ್ತದೆ, ಒರಲೆಗೂ ಆಹಾರ. ಫ್ರೇಮಿನ ಪಟ್ಟಿ ಸಿಂಥೆಟಿಕ್ ಆದರೆ ಸಾಕು, ಹಿಂದೆ ನಾಲ್ಕೂ ಅಂಚಿಗೆ ಸಂದಿಯಿಲ್ಲದಂತೆ ಟೇಪು ಹಚ್ಚಿಸಿ.

ತೀರಿಕೊಂಡವರ ಫೋಟೋವನ್ನು ದಕ್ಷಿಣದ ಗೋಡೆಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ನೈಋತ್ಯದ ಮಳೆ ಬಡಿಯುವುದೂ ದಕ್ಷಿಣ, ಪಶ್ಚಿಮದ ಹೊರಗೋಡೆಗಳಿಗೇ. ಮನೆಯ ಒಳಗಿನ ಕೋಣೆಯೊಂದರ ದಕ್ಷಿಣದ ಗೋಡೆ ಆರಿಸಿದರೆ ರೂಢಿಯೂ ಉಳಿಯುತ್ತದೆ, ಫೋಟೋವೂ ಉಳಿಯುತ್ತದೆ. ಹೊರಗೋಡೆಯೇ ಗತಿ ಎಂದಾದರೆ ಫ್ರೇಮಿನ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಬ್ಬಿ ಹಾಕಿಸಿ, ಗೋಡೆಗೂ ಫ್ರೇಮಿಗೂ ನಡುವೆ ಅರ್ಧ ಇಂಚು ಗಾಳಿ ಆಡಲಿ. ಹಸಿ ಹೂವಿನ ಹಾರದಿಂದ ತೊಟ್ಟಿಕ್ಕುವ ನೀರು ಕೆಳಗಿನ ಪಟ್ಟಿಯ ಸಂದಿಯಿಂದ ಒಳಗಿಳಿದು ಫೋಟೋದ ಅಂಚನ್ನು ಕಂದು ಮಾಡುತ್ತದೆ. ದಿನಕ್ಕೆ ಗಂಧದ ಹಾರ ಇರಲಿ, ಹೂವಿನದನ್ನು ಸಂಜೆಯೇ ತೆಗೆಯಿರಿ. ಗಾಜು ಒರೆಸಲು ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿಕೊಳ್ಳಿ, ಗಾಜಿನ ಮೇಲೆ ನೀರು ಚಿಮುಕಿಸಬೇಡಿ.

ಅಕ್ಷರದ ವಿಷಯದಲ್ಲಿ ಅಂಗಡಿಯನ್ನು ನಂಬಿ ಕೂರುವಂತಿಲ್ಲ. ಫೋಟೋಶಾಪಿನಲ್ಲಿ ಕನ್ನಡಕ್ಕೆ ಬೇಕಾದ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂರುತ್ತದೆ. "ಪುಣ್ಯಸ್ಮರಣೆ"ಯಲ್ಲಿ ಎರಡು ಒತ್ತು ಇವೆ, ಎರಡನ್ನೂ ನೋಡಿ. "ಶ್ರದ್ಧಾಂಜಲಿ" ಬದಲು "ಶೃದ್ಧಾಂಜಲಿ" ಅಚ್ಚಾಗುವುದು ತೀರಾ ಮಾಮೂಲು. ಹೆಸರು, ಜನನ, ಮರಣದ ತಾರೀಖುಗಳನ್ನು ಕಾಗದದ ಮೇಲೆ ಬರೆದು ಕೊಡಿ, ಫೋನಿನಲ್ಲಿ ಹೇಳಬೇಡಿ.

ಹನ್ನೊಂದನೇ ದಿನಕ್ಕೆ ಬೇಕಾದರೆ ಐದನೇ ದಿನದೊಳಗೆ ಫೋಟೋ ತಲುಪಿಸಿ. ಮಳೆಗಾಲದಲ್ಲಿ ಕರೆಂಟು ಹೋದರೆ ಒಂದು ದಿನ ಹಾಗೇ ಹೋಗುತ್ತದೆ. ಮುಖದ ಬಣ್ಣವನ್ನು ಒಂದು ಪಾಲು ಬಿಳುಪು ಮಾಡುವ ಚಾಳಿ ಇವರಿಗೂ ಇದೆ. ಕಾಫಿ ಕಣದಲ್ಲಿ ಬಿಸಿಲು ಕಾಯ್ದ ಮುಖ ಕಪ್ಪಾಗಿಯೇ ಇರಲಿ ಎಂದು ಮೊದಲೇ ಹೇಳಿ. ಪ್ರೂಫನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಪ್ಪಬೇಡಿ. ಹಗಲು ಹೊತ್ತಿನಲ್ಲಿ ಮನೆಯ ಬಾಗಿಲ ಬೆಳಕಿಗೆ ಹಿಡಿದು ತೀರಿಕೊಂಡವರ ಹೆಂಡತಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ದೊಡ್ಡದಕ್ಕೆ ಹೇಳಿ.